ಕಂಪ್ಯೂಟರ್ ಸೀಟು: ಪರೀಕ್ಷೆಯಲ್ಲಿ ಗೆದ್ದು ಕಾಗದದಲ್ಲಿ ಸೋಲುವ ನಮ್ಮ ಮಕ್ಕಳು

ಸಿ.ಇ.ಟಿ. ಫಲಿತಾಂಶ ಬಂದ ಮರುದಿನದಿಂದ ಗದಗ ಬಸ್ ಸ್ಟ್ಯಾಂಡಿನಲ್ಲಿ, ಬೆಟಗೇರಿ ಪೇಟೆಯಲ್ಲಿ, ಲಕ್ಷ್ಮೇಶ್ವರದ ಚಹಾ ಅಂಗಡಿಯಲ್ಲಿ ಒಂದೇ ಮಾತು. "ನಿಮ್ಮ ಹುಡುಗಗ ರ‍್ಯಾಂಕ್ ಎಷ್ಟು ಬಂತ್ರೀ? ಕಂಪ್ಯೂಟರ್ ಸೈನ್ಸ್ ಸಿಗತೈತೇನ್ರೀ?" ಮಳೆ ಬಂತೋ ಇಲ್ಲವೋ, ಹೆಸರು ಬಿತ್ತಿದರೋ ಇಲ್ಲವೋ, ಅದೆಲ್ಲ ಆಮೇಲಿನ ಮಾತು.

ಕೇಳುವುದು ತಪ್ಪಲ್ಲ. ಆದರೆ ಉತ್ತರ ಹೇಳುವವರು ಯಾರು? ಝೆರಾಕ್ಸ್ ಅಂಗಡಿಯವ, ಬೆಂಗಳೂರಿನಲ್ಲಿರುವ ಯಾರದೋ ಅಳಿಯ, ಇಲ್ಲವೆಂದರೆ ಕಮಿಷನ್ ಏಜೆಂಟ. ಹೇಳಬೇಕಾದ ಕಾಲೇಜಿನ ಬಾಗಿಲು ಮಾತ್ರ ಬಂದ್!

ಪಿ.ಯು.ಸಿ. ಅರ್ಧಕ್ಕೇ ಬಿಟ್ಟು ಪೆನ್ನು ಹಿಡಿದವನು ನಾನು. ಇವನಿಗೇಕೆ ಇಂಜಿನಿಯರಿಂಗ್ ಉಸಾಬರಿ ಎಂದು ಯಾರಾದರೂ ಅಂದಾರು. ಆದರೆ ಸ್ವಾಮಿ, ಇದು ಗಣಿತದ ಮಾತಲ್ಲ, ಕಾಗದಪತ್ರದ ಮಾತು. ತಹಶೀಲ್ದಾರ ಕಚೇರಿಯ ಕಟ್ಟೆ ಸವೆಸಿದ ವರದಿಗಾರನಿಗೆ ಅಷ್ಟು ತಿಳಿಯುತ್ತದೆ. ನಮ್ಮ ಭಾಗದ ಮಕ್ಕಳಿಗೆ ಬುದ್ಧಿ ಕಡಿಮೆಯಿಲ್ಲ. ಸೀಟು ಕೈತಪ್ಪುತ್ತಿರುವುದು ಬಹಳ ಸಲ ಕಾಗದ ಮತ್ತು ಕ್ರಮ ಗೊತ್ತಿಲ್ಲದ್ದರಿಂದ. ಇಂದು ಅದನ್ನೇ ಹೇಳುವುದಿದೆ.

ಥೈಲಿಯ ಕಾಲ ಹೋಯಿತೆ?

ಒಂದು ಕಾಲಕ್ಕೆ ಇಂಜಿನಿಯರಿಂಗ್ ಸೀಟು ಎಂದರೆ ಥೈಲಿ ಇದ್ದವರ ಸೊತ್ತು. ಕ್ಯಾಪಿಟೇಶನ್ ಹಾವಳಿ ತಡೆಯಲು ಕರ್ನಾಟಕ ಸರಕಾರ 1984ರಲ್ಲಿ ಕಾನೂನು ಮಾಡಿತು. 1992ರಲ್ಲಿ ಮೋಹಿನಿ ಜೈನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಕ್ಯಾಪಿಟೇಶನ್ ಸಲ್ಲದು ಎಂದಿತು. 1994ರಲ್ಲಿ ಸಿ.ಇ.ಟಿ. ಬಂತು. ಬಡವರ ಮಗನೂ ರ‍್ಯಾಂಕಿನ ಬಲದ ಮೇಲೆ ಸೀಟು ಕೇಳಬಹುದೆಂಬ ಧೈರ್ಯ ಬಂದದ್ದು ಆಗ.

ಹಾಗೆಂದು ಎಲ್ಲ ಸೀಟೂ ಸಿ.ಇ.ಟಿ.ಗೆ ಬರುವುದಿಲ್ಲ. ಸಾಮಾನ್ಯವಾಗಿ ಖಾಸಗಿ ಕಾಲೇಜಿನ ನೂರು ಸೀಟಿನಲ್ಲಿ 45 ಸರಕಾರದ ಪಾಲು. 30 ಕಾಮೆಡ್‌ಕೆ ಎಂಬ ಬೇರೆ ಪರೀಕ್ಷೆಯ ಪಾಲು. ಉಳಿದ 25 ಆಡಳಿತ ಮಂಡಳಿಯ ಪಾಲು. ಸಾಮಾನ್ಯ ಮನೆಯ ಮಕ್ಕಳ ಜಗ್ಗಾಟವೆಲ್ಲ ಆ 45ರ ಮೇಲೆ.

ಲೆಕ್ಕ ಹೀಗಿದೆ

ಸಿ.ಇ.ಟಿ. ರ‍್ಯಾಂಕು ಬರೀ ಸಿ.ಇ.ಟಿ. ಅಂಕದಿಂದ ಬರುವುದಿಲ್ಲ. ದ್ವಿತೀಯ ಪಿ.ಯು.ಸಿ.ಯ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತದ ಅಂಕ ಅರ್ಧ, ಸಿ.ಇ.ಟಿ. ಅಂಕ ಅರ್ಧ. ಒಬ್ಬ ಹುಡುಗಿ ಪಿ.ಯು.ಸಿ.ಯಲ್ಲಿ ಈ ಮೂರೂ ಸೇರಿ 300ಕ್ಕೆ 270 ತೆಗೆದಳೆನ್ನಿ, ಅದಕ್ಕೆ 45. ಸಿ.ಇ.ಟಿ.ಯಲ್ಲಿ 180ಕ್ಕೆ 90 ಬಂತೆನ್ನಿ, ಅದಕ್ಕೆ 25. ಒಟ್ಟು 70. ಈ 70ರ ಮೇಲೆ ಆಕೆಯ ರ‍್ಯಾಂಕು. ಪಿ.ಯು.ಸಿ. ಪಾಸಾದರೆ ಸಾಕು, ಸಿ.ಇ.ಟಿ. ನೋಡಿಕೊಂಡರಾಯಿತು ಎಂದು ಹೇಳುವವರ ಮಾತು ನಂಬಬೇಡಿ. ತಪ್ಪು ಉತ್ತರಕ್ಕೆ ಸಿ.ಇ.ಟಿ.ಯಲ್ಲಿ ಅಂಕ ಕಡಿತವಿಲ್ಲ. ಒಂದು ಪ್ರಶ್ನೆಯನ್ನೂ ಖಾಲಿ ಬಿಡಬಾರದು. ಇಷ್ಟನ್ನೂ ಹೇಳದೆ ಪರೀಕ್ಷೆಗೆ ಕಳಿಸುವ ಕಾಲೇಜುಗಳಿದ್ದರೆ ಅವಕ್ಕೆ ಏನನ್ನೋಣ?

ಹತ್ತು ವರ್ಷದ ಹಿಂದೆಯೇ ಕಳೆದ ಸೀಟು

ಇನ್ನು ಮೀಸಲಾತಿ. ಜಾತಿಯ ಮೀಸಲಾತಿ ಎಲ್ಲರಿಗೂ ಗೊತ್ತು. ಗೊತ್ತಿಲ್ಲದವು ಎರಡು. ಒಂದರಿಂದ ಹತ್ತನೆಯ ತರಗತಿಯವರೆಗೆ ಗ್ರಾಮೀಣ ಪ್ರದೇಶದಲ್ಲಿ ಓದಿದವರಿಗೆ ನೂರಕ್ಕೆ 15, ಅದೇ ಹತ್ತು ವರ್ಷ ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ನೂರಕ್ಕೆ 5. ನಮ್ಮ ಶಿರಹಟ್ಟಿ, ಮುಂಡರಗಿ ಸೀಮೆಯ ಮಕ್ಕಳಿಗೆಂದೇ ಮಾಡಿದಂತಿದೆ. ಆದರೆ ಹತ್ತು ಎಂದರೆ ಹತ್ತು. ಒಂಬತ್ತಾದರೂ ಇಲ್ಲ.

ಉದಾಹರಣೆಗೆ ಶಿಗ್ಲಿಯ ಹುಡುಗನೊಬ್ಬ ಏಳನೆಯ ತರಗತಿಯವರೆಗೆ ಊರ ಸಾಲಿಯಲ್ಲಿ ಓದಿ, ಚೆನ್ನಾಗಿ ಓದಲಿ ಎಂದು ತಂದೆ ಅವನನ್ನು ಲಕ್ಷ್ಮೇಶ್ವರದ ಹೈಸ್ಕೂಲಿಗೆ ಹಚ್ಚಿದ ಎನ್ನಿ. ಲಕ್ಷ್ಮೇಶ್ವರ ಪುರಸಭೆ. ಗ್ರಾಮೀಣ ಮೀಸಲಾತಿ ಅಂದೇ ಹೋಯಿತು. ಡಂಬಳದ ಹುಡುಗಿ ಮುಂಡರಗಿಗೆ ಬಂದರೂ ಅಷ್ಟೇ; ಅದೂ ಪುರಸಭೆ. ಶಿರಹಟ್ಟಿ ಪಟ್ಟಣ ಪಂಚಾಯಿತಿ; ಅಲ್ಲಿ ಓದಿದರೂ ಗ್ರಾಮೀಣವಲ್ಲ. ದಿನಾ ಹೊಲಕ್ಕೆ ಹೋಗಿ ಬರುವ ಮನೆಯ ಹುಡುಗ ಸರಕಾರದ ಲೆಕ್ಕದಲ್ಲಿ ಪಟ್ಟಣಿಗನಾದ! ಐದನೆಯ ತರಗತಿಗೆ ಇಂಗ್ಲಿಷ್ ಮೀಡಿಯಮ್ಮಿಗೆ ಹಾಕಿದರೆ ಕನ್ನಡ ಮಾಧ್ಯಮದ ಪಾಲೂ ಹೋಯಿತು. ಹಾಕಬೇಡಿ ಎಂದು ನಾವು ಹೇಳುವುದಿಲ್ಲ. ಮಗನನ್ನು ಎಲ್ಲಿ ಓದಿಸಬೇಕೆಂಬುದು ತಂದೆತಾಯಿಯ ಹಕ್ಕು. ಏನು ಬಿಟ್ಟು ಏನು ಪಡೆಯುತ್ತಿದ್ದೇವೆಂಬುದು ಅವರಿಗೆ ಗೊತ್ತಿರಬೇಕು, ಅಷ್ಟೇ.

ಅರ್ಹತೆ ಇದ್ದವರ ಪಾಡಾದರೂ ಏನು? ಓದಿದ ಶಾಲೆಯ ಪ್ರಮಾಣಪತ್ರಕ್ಕೆ ಕ್ಷೇತ್ರ ಶಿಕ್ಷಣಾಧಿಕಾರಿಗಳ ಮೇಲುರುಜು ಬೇಕು. ಜಾತಿ-ಆದಾಯಕ್ಕೆ ತಹಶೀಲ್ದಾರರ ಆರ್.ಡಿ. ನಂಬರಿನ ಪತ್ರ ಬೇಕು. ಫಲಿತಾಂಶ ಬಂದ ಮೇಲೆ ಓಡಾಡಲು ಹೊರಟರೆ ಸಾಹೇಬರು ಮೀಟಿಂಗಿಗೆ ಹೋಗಿರುತ್ತಾರೆ, ಸರ್ವರ್ ಡೌನ್ ಆಗಿರುತ್ತದೆ. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದಂತೆ.

ಹೊಳೆಯ ಆಚೆ, ಹೊಳೆಯ ಈಚೆ

ಮುಂಡರಗಿಯವರಿಗೆ ಇನ್ನೊಂದು ಮಾತು. ಕೊರ್ಲಹಳ್ಳಿ ಸೇತುವೆ ದಾಟಿದರೆ ಹೂವಿನಹಡಗಲಿ ತಾಲೂಕು. ಅಲ್ಲಿ ಸರಕಾರಿ ಇಂಜಿನಿಯರಿಂಗ್ ಕಾಲೇಜಿದೆ. ಆ ಭಾಗಕ್ಕೆ 2013ರಿಂದ 371(ಜೆ) ಮೀಸಲಾತಿ ಇದೆ. ಅಲ್ಲಿನ ಕಾಲೇಜುಗಳಲ್ಲಿ ನೂರಕ್ಕೆ 70 ಸೀಟು ಆ ಭಾಗದವರಿಗೇ. ಹೊರಗಿನ ಜಿಲ್ಲೆಗಳ ಕಾಲೇಜುಗಳಲ್ಲೂ ಅವರಿಗೆ ನೂರಕ್ಕೆ 8. ಗದಗ ಜಿಲ್ಲೆ ಆ ಪಟ್ಟಿಯಲ್ಲಿಲ್ಲ. ಅದೇ ತುಂಗಭದ್ರೆಯ ನೀರು, ಅದೇ ಬಿಸಿಲು. ಆದರೆ ಲೆಕ್ಕ ಬೇರೆ. ಹಿಂದುಳಿದ ಜಿಲ್ಲೆಗಳಿಗೆ ಕೊಟ್ಟದ್ದು ಸರಿಯೇ, ಅದಕ್ಕೆ ಹೊಟ್ಟೆಕಿಚ್ಚು ಬೇಡ. ಆದರೆ "ನಿಮಗೂ ಆ ಕೋಟಾ ಮಾಡಿಸಿಕೊಡತೀನ್ರಿ, ಖರ್ಚು ಆಗತೈತಿ" ಎಂದು ಯಾರಾದರೂ ಅಂದರೆ ಅವನನ್ನು ಅಂಗಡಿ ಕಟ್ಟೆ ಹತ್ತಗೊಡಬೇಡಿ.

ಆಪ್ಶನ್ ಎಂಟ್ರಿ ಎಂಬ ಎರಡನೆಯ ಪರೀಕ್ಷೆ

ಮೊದಲು ಬೆಂಗಳೂರಿಗೆ ಹೋಗಿ ಕೂತು ಸೀಟು ಆರಿಸಬೇಕಿತ್ತು. ಈಗ ಎಲ್ಲ ಆನ್‌ಲೈನ್. ಬಸ್ ಚಾರ್ಜು ಉಳಿಯಿತು, ತಲೆನೋವು ಉಳಿಯಲಿಲ್ಲ.

ವಿದ್ಯಾರ್ಥಿ ತನಗೆ ಬೇಕಾದ ಕಾಲೇಜು ಮತ್ತು ಕೋರ್ಸುಗಳನ್ನು ಒಂದು, ಎರಡು, ಮೂರು ಎಂದು ಕ್ರಮವಾಗಿ ತುಂಬಬೇಕು. ಕಂಪ್ಯೂಟರು ರ‍್ಯಾಂಕಿನ ಪ್ರಕಾರ ಒಬ್ಬೊಬ್ಬರ ಪಟ್ಟಿಯನ್ನೂ ಮೇಲಿನಿಂದ ಕೆಳಗೆ ನೋಡುತ್ತದೆ. ಮೊದಲು ಖಾಲಿ ಕಂಡದ್ದನ್ನು ಕೊಟ್ಟುಬಿಡುತ್ತದೆ. ಅದರ ಕೆಳಗಿನದನ್ನು ಮುಟ್ಟುವುದಿಲ್ಲ. ಆದ್ದರಿಂದ "ಸಿಗೂದನ್ನ ಮೊದಲ ಬರೀರಿ" ಎಂಬ ಝೆರಾಕ್ಸ್ ಅಂಗಡಿಯ ಉಪದೇಶ ಶುದ್ಧ ಸುಳ್ಳು. ಬೇಕಾದದ್ದು ಮೇಲೆ, ಸಿಗುವಂಥದ್ದು ಕೆಳಗೆ. ಹುಬ್ಬಳ್ಳಿ, ಧಾರವಾಡ, ಬೆಂಗಳೂರು ಆಸೆ ಇದ್ದರೆ ಮೇಲೆ ಬರೆಯಿರಿ. ಕೆಳಗೆ ನಮ್ಮ ಗದಗಿನ ತೋಂಟದಾರ್ಯ, ಹುಲಕೋಟಿಯ ರೂರಲ್, ಲಕ್ಷ್ಮೇಶ್ವರದ ಅಗಡಿ ಕಾಲೇಜುಗಳೂ ಇರಲಿ. ಮನೆಯಿಂದ ಬಸ್ಸಿನಲ್ಲಿ ಹೋಗಿ ಬಂದು ಇಂಜಿನಿಯರ್ ಆಗಲಿಕ್ಕೂ ಬರುತ್ತದೆ.

ಮೊದಲು ಅಣಕು ಹಂಚಿಕೆ ಬರುತ್ತದೆ. ಅದು ಸೀಟಲ್ಲ, ಸೂಚನೆ. ನೋಡಿಕೊಂಡು ಪಟ್ಟಿ ತಿದ್ದಬಹುದು. ನಿಜ ಹಂಚಿಕೆಯಾದ ಮೇಲೆ ನಾಲ್ಕು ದಾರಿ. ಒಂದು, ಸೀಟು ಒಪ್ಪಿ ಫೀ ಕಟ್ಟಿ ಕಾಲೇಜಿಗೆ ಸೇರುವುದು. ಆಟ ಅಲ್ಲಿಗೆ ಮುಗಿಯಿತು. ಎರಡು, ಸೀಟು ಹಿಡಿದಿಟ್ಟುಕೊಂಡು ಮೇಲಿನದಕ್ಕೆ ಮುಂದಿನ ಸುತ್ತು ಕಾಯುವುದು. ಮೂರು, ಸೀಟು ಬಿಟ್ಟು ಮುಂದಿನ ಸುತ್ತಿಗೆ ಹೋಗುವುದು. ನಾಲ್ಕು, ಪೂರ್ತಿ ಹೊರಬೀಳುವುದು. ಎರಡನ್ನು ಒತ್ತಬೇಕಾದವ ಮೂರನ್ನು ಒತ್ತಿದರೆ ಕೈಯಲ್ಲಿದ್ದ ಸೀಟು ಹಾರಿಹೋಯಿತು. ಎರಡು ವರ್ಷದ ಓದು ಒಂದು ಬೆರಳಿನ ತುದಿಯಲ್ಲಿ!

ಈ ಬೆರಳನ್ನು ಬೇರೆಯವರ ಕೈಗೆ ಕೊಡುವವರೂ ಇದ್ದಾರೆ. 2024ರಲ್ಲಿ ಸೀಟ್ ಬ್ಲಾಕಿಂಗ್ ಹಗರಣ ಹೊರಬಿದ್ದದ್ದು ಓದುಗರಿಗೆ ನೆನಪಿರಬಹುದು. ಸೇರುವ ಮನಸ್ಸಿಲ್ಲದವರ ಹೆಸರಿನಲ್ಲಿ ದೊಡ್ಡ ಕಾಲೇಜಿನ ಸೀಟು ಹಿಡಿಸುವುದು, ಕೊನೆಗೆ ಸೇರದೆ ಬಿಡಿಸುವುದು, ಖಾಲಿಯಾದ ಸೀಟು ಆಡಳಿತ ಮಂಡಳಿಯ ಕೈಸೇರಿ ಬಿಕರಿಯಾಗುವುದು, ಇದು ಆರೋಪ. ಬೆಂಗಳೂರಿನ ಪೊಲೀಸರು ಪರೀಕ್ಷಾ ಪ್ರಾಧಿಕಾರದ ನೌಕರನೊಬ್ಬನೂ ಸೇರಿ ಹಲವರನ್ನು ಬಂಧಿಸಿದರು. ಹಾಗೆ ಹೋದ ಒಂದೊಂದು ಸೀಟೂ ಕೆಳಗಿನ ರ‍್ಯಾಂಕಿನ ಯಾವನೋ ಬಡವನದು. ಆದ್ದರಿಂದ ಪಾಸ್‌ವರ್ಡು, ಓ.ಟಿ.ಪಿ. ಯಾರಿಗೂ ಕೊಡಬೇಡಿ. ಗಲ್ಲಾಪೆಟ್ಟಿಗೆಯ ಕೀಲಿ ದಾರಿಹೋಕನಿಗೆ ಕೊಡುವ ಅಂಗಡಿಕಾರ ಇದ್ದಾನೆಯೆ?

ಬಡವರಿಗೆ ಇನ್ನೂ ಎರಡು ಬಾಗಿಲು

ಮನೆಯ ವಾರ್ಷಿಕ ಆದಾಯ 8 ಲಕ್ಷದೊಳಗಿದ್ದರೆ ಬೋಧನಾ ಶುಲ್ಕ ಇಲ್ಲದ ಹೆಚ್ಚುವರಿ ಸೀಟುಗಳಿವೆ. ಒಂದೊಂದು ಕೋರ್ಸಿಗೆ ನೂರಕ್ಕೆ 5ರಂತೆ. ಎಸ್.ಎನ್.ಕ್ಯೂ. ಎನ್ನುತ್ತಾರೆ. ಬೆಟಗೇರಿಯ ನೇಕಾರರ ಮನೆಯಲ್ಲಿ, ಎ.ಪಿ.ಎಂ.ಸಿ. ಹಮಾಲರ ಮನೆಯಲ್ಲಿ ಈ ಮೂರು ಅಕ್ಷರ ಎಷ್ಟು ಜನ ಕೇಳಿದ್ದಾರೆ? ಇನ್ನೊಂದು, ಎಸ್.ಎಸ್.ಎಲ್.ಸಿ. ಆದ ಮೇಲೆ ಡಿಪ್ಲೋಮಾ ಮಾಡಿ, ಡಿ.ಸಿ.ಇ.ಟಿ. ಬರೆದು ನೇರವಾಗಿ ಇಂಜಿನಿಯರಿಂಗ್ ಎರಡನೆಯ ವರ್ಷಕ್ಕೆ ಸೇರುವುದು. ಸುತ್ತುದಾರಿಯಾದರೂ ದಾರಿಯೇ.

ಆಗಬೇಕಾದದ್ದೇನು?

ದೊಡ್ಡ ಯೋಜನೆ ಬೇಡ, ಕೋಟಿಗಟ್ಟಲೆ ಅನುದಾನ ಬೇಡ. ಪದವಿಪೂರ್ವ ಶಿಕ್ಷಣ ಇಲಾಖೆಯ ಉಪನಿರ್ದೇಶಕರು ಮನಸ್ಸು ಮಾಡಿದರೆ ಸಾಕು. ಆಪ್ಶನ್ ಎಂಟ್ರಿ ನಡೆಯುವ ದಿನಗಳಲ್ಲಿ ಗದಗ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಯಲ್ಲಿ ಒಂದೊಂದು ಸರಕಾರಿ ಪಿ.ಯು. ಕಾಲೇಜಿನಲ್ಲಿ ಎರಡು ಕಂಪ್ಯೂಟರು, ಒಬ್ಬ ತಿಳಿದ ಉಪನ್ಯಾಸಕರನ್ನು ಕೂಡ್ರಿಸಲಿ. ನಮ್ಮ ಮೂರು ಇಂಜಿನಿಯರಿಂಗ್ ಕಾಲೇಜಿನ ಅಧ್ಯಾಪಕರು ಸರದಿಯ ಮೇಲೆ ಬರಲಿ; ತಮ್ಮ ಕಾಲೇಜಿನ ಪ್ರಚಾರಕ್ಕಲ್ಲ, ಮಕ್ಕಳ ಪಟ್ಟಿ ನೋಡಲಿಕ್ಕೆ. ಗ್ರಾಮೀಣ ಮತ್ತು ಕನ್ನಡ ಮಾಧ್ಯಮದ ಪತ್ರಗಳನ್ನು ಎಸ್.ಎಸ್.ಎಲ್.ಸಿ. ಮುಗಿದ ದಿನವೇ, ಟಿ.ಸಿ. ಜೊತೆಗೇ, ಮೇಲುರುಜು ಹಾಕಿಸಿ ಕೈಗೆ ಕೊಡಲಿ. ಏಳನೆಯ ತರಗತಿಯ ಪಾಲಕರ ಸಭೆಯಲ್ಲಿ ಆ ಹತ್ತು ವರ್ಷದ ನಿಯಮವನ್ನು ಓದಿ ಹೇಳಲಿ.

ಪಾಲಕರೂ ಅಷ್ಟೇ. ಮಗಳ ಮದುವೆಗೆ ಹತ್ತು ಮನೆ ವಿಚಾರಿಸುವವರು ಸೀಟಿನ ವಿಷಯಕ್ಕೆ ಒಬ್ಬ ಏಜೆಂಟನ ಮಾತು ನಂಬುವುದು ಯಾವ ನ್ಯಾಯ?

ದೇವರು ವರ ಕೊಟ್ಟರೂ ಪೂಜಾರಿ ಕೊಡಲಿಲ್ಲ ಎಂಬ ಗಾದೆ ನಮ್ಮ ಮಕ್ಕಳ ಪಾಲಿಗೆ ನಿಜವಾಗಬಾರದು. ರ‍್ಯಾಂಕು ತರುವುದು ಅವರ ಕೆಲಸ, ಅದನ್ನು ಅವರು ಮಾಡುತ್ತಿದ್ದಾರೆ. ಕಾಗದ ಸರಿಯಾಗಿ ಕೈಗೆ ಕೊಡುವುದು ಇಲಾಖೆಯ ಕೆಲಸ. ಮುಂದಿನ ಸಿ.ಇ.ಟಿ. ಫಲಿತಾಂಶಕ್ಕೆ ಮೊದಲು ಆ ನಾಲ್ಕು ಕಾಲೇಜುಗಳ ಬಾಗಿಲು ತೆರೆಯುತ್ತದೆಯೆ? ಉಪನಿರ್ದೇಶಕರು ಉತ್ತರಿಸಬೇಕು.