ಮಗನ ಗೆಳೆಯರು

ಅಫಜಲಪುರ ತಾಲೂಕಿನ ಕ್ರೈಸ್ತ ಸೋದರಿಯೊಬ್ಬರು ನಮಗೆ ದೀರ್ಘವಾದ ಪತ್ರವೊಂದನ್ನು ಬರೆದಿರುವರು. ಹೆಸರನ್ನು ಪ್ರಕಟಿಸೆವು. ಕಲಬುರಗಿಯ ವಿದ್ಯಾರ್ಥಿನಿಲಯದಲ್ಲಿದ್ದು ಓದುತ್ತಿರುವ ಅವರ ಮಗನಿಗೆ ಲಿಂಗಾಯತ ಹುಡುಗನೊಬ್ಬನು ಪ್ರಾಣಮಿತ್ರನು. ಅನ್ಯಮತದವನ ಸಹವಾಸವನ್ನು ಬಿಡಿಸಬೇಕೆಂದು ಬಂಧುಗಳು ತಾಯಿಯನ್ನು ಪೀಡಿಸುತ್ತಿರುವರಂತೆ. ಪತ್ರದ ಕೊನೆಗೆ, ಅಷ್ಟೇನೂ ಮುಖ್ಯವಲ್ಲವೆಂಬಂತೆ, ಇನ್ನೊಂದು ಸಂಗತಿಯುಂಟು. ತಮ್ಮ ಸಭೆಯವನೇ ಆದ ಮತ್ತೊಬ್ಬ ಗೆಳೆಯನು ಮೊಬೈಲಿನಲ್ಲಿ ಪಣವಿಟ್ಟು ಆಡುವುದನ್ನು ಮಗನಿಗೆ ಕಲಿಸಿದನು. ಪರೀಕ್ಷೆಯ ಶುಲ್ಕದ ಹಣವು ಅದರಲ್ಲಿ ಹೋಯಿತು. "ಬಚ್ಚಿಡಬೇಡ, ತಾಯಿಗೆ ತಿಳಿಸು" ಎಂದು ಹಟ ಹಿಡಿದವನು ಆ ಲಿಂಗಾಯತ ಹುಡುಗನು.

ಸತ್ಸಂಗದ ಪ್ರಶಂಸೆಗೆ ಸಂಸ್ಕೃತದ ಸುಭಾಷಿತಗಳಲ್ಲಿ ಮಿತಿಯೇ ಇಲ್ಲ. ನಾವು ಜೀವಮಾನವೆಲ್ಲ ಅವನ್ನು ಹುಡುಗರಿಗೆ ಕಂಠಪಾಠ ಮಾಡಿಸಿದವರು. ಆದರೆ ಸೋದರಿಯವರು ಕೇಳಿರುವುದು ಸತ್ಯವೇದದ ಅಭಿಪ್ರಾಯವನ್ನು. ಆದಕಾರಣ ಅಲ್ಲಿಂದಲೇ ಹೊರಡುವೆವು.

ಬಂಧುಗಳು ಆಧಾರವಾಗಿ ಹಿಡಿದಿರುವುದು, ದುಃಸಂಗವು ನಡತೆಯನ್ನು ಕೆಡಿಸುವುದೆಂದು ಪೌಲನು ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರಿಕೆಯಲ್ಲಿ ಎಚ್ಚರಿಸಿದ ಮಾತು. ಮಾತೇನೋ ದಿಟವೇ. ಆದರೆ ಅದು ಗ್ರೀಕ್ ನಾಟಕಕಾರನಾದ ಮೆನಾಂಡರನದೆಂದು ಪಂಡಿತರು ಹೇಳುವರು. ದುಃಸಂಗವನ್ನು ಬಿಡಿರೆನ್ನುವುದಕ್ಕೇ ಅಪೊಸ್ತಲನು ಅನ್ಯಮತದ ಕವಿಯ ನಾಲಗೆಯನ್ನು ಎರವಲು ತಂದನು! ಅದನ್ನು ನೆನೆದಾಗಲೆಲ್ಲ ನಮಗೆ ನಗು ಬರುವುದುಂಟು. ಅಲ್ಲದೆ ಆ ಅಧ್ಯಾಯವನ್ನು ಮೊದಲಿನಿಂದ ಓದಿ ನೋಡಿರಿ. ಪುನರುತ್ಥಾನವಿಲ್ಲವೆಂದು ಹೇಳುತ್ತ ಸಭೆಯೊಳಗೇ ಕುಳಿತಿದ್ದವರ ವಿಷಯದಲ್ಲಿ ಪೌಲನಿಗೆ ಚಿಂತೆಯೇ ಹೊರತು, ನೆರೆಮನೆಯ ಅನ್ಯಮತದವರ ವಿಷಯದಲ್ಲಲ್ಲ.

ಯೇಸುಸ್ವಾಮಿಯು ಸುಂಕದವರ ಪಂಕ್ತಿಯಲ್ಲಿ ಉಂಡನು. ಜಕ್ಕಾಯನ ಮನೆಗೆ ತಾನಾಗಿ ಹೋದನು. ಆದರೆ ಹನ್ನೆರಡು ಮಂದಿಯನ್ನು ಆರಿಸುವ ಮೊದಲು ಬೆಟ್ಟದ ಮೇಲೆ ಇಡೀ ರಾತ್ರಿ ಪ್ರಾರ್ಥಿಸಿದನೆಂದು ಲೂಕನು ಬರೆದಿರುವನು. ಗೆತ್ಸೇಮನೆಯ ದುಃಖದಲ್ಲಿ ಆ ಹನ್ನೆರಡರಲ್ಲಿಯೂ ಮೂವರನ್ನು ಮಾತ್ರ ಹತ್ತಿರಕ್ಕೆ ಕರೆದೊಯ್ದನು. ಊಟದ ಎಲೆಯನ್ನು ಎಲ್ಲರಿಗೂ ಹಾಕಬಹುದು. ಆಲೋಚನೆಯನ್ನು ಎಲ್ಲರಲ್ಲಿಯೂ ಕೇಳಲಾಗದು. ಸೊಲೊಮೋನನ ಮಗನಾದ ರೆಹಬ್ಬಾಮನು ಹಿರಿಯರ ಮಾತನ್ನು ಬಿಟ್ಟು, ತನ್ನೊಡನೆ ಬೆಳೆದ ಹುಡುಗರ ಮಾತಿನಂತೆ ಪ್ರಜೆಗಳನ್ನು ಗದರಿಸಿದನು. ಹತ್ತು ಕುಲಗಳು ಅವನ ಕೈಬಿಟ್ಟು ಹೋದುವು. ಆ ಹುಡುಗರು ಪರದೇಶದವರೇನಲ್ಲ, ಅರಮನೆಯವರೇ. ಗಾಣಗಾಪುರದ ಸಂಗಮದಲ್ಲಿ ಅಮರಜೆಯು ಭೀಮೆಯನ್ನು ಕೂಡಿದ ಮೇಲೆ ಯಾವ ನೀರು ಯಾವುದೆಂದು ಬೇರ್ಪಡಿಸಬಲ್ಲವರು ಯಾರು? ನೋಡುವುದಾದರೆ ಕೂಡುವ ಮೊದಲೇ ನೋಡಬೇಕು. ಈಗಿನ ಕಾಲದಲ್ಲಂತೂ ಮುಖವನ್ನೇ ಕಾಣದ ಎಷ್ಟೋ ಸಂಗಾತಿಗಳು ಮೊಬೈಲಿನೊಳಗಿಂದ ನಡುರಾತ್ರಿಯಲ್ಲಿಯೂ ಮಕ್ಕಳಿಗೆ ಬುದ್ಧಿ ಹೇಳುತ್ತಿರುವರು.

ಅನ್ಯಮತದವರ ಸಂಗದಿಂದ ಕ್ರೈಸ್ತನ ಭಕ್ತಿಯು ಕರಗುವುದೆಂಬ ಭಯಕ್ಕೆ ನಮ್ಮ ನಾಡಿನಲ್ಲಿಯೇ ಉತ್ತರವಿದೆ. ರೆವರೆಂಡ್ ಉತ್ತಂಗಿ ಚನ್ನಪ್ಪನವರು (1881-1962) ಬಾಸೆಲ್ ಮಿಶನ್ನಿನ ಬೋಧಕರಾಗಿದ್ದವರು. ಸರ್ವಜ್ಞನ ವಚನಗಳನ್ನು ಶ್ರಮಪಟ್ಟು ಸಂಗ್ರಹಿಸಿ 1924ರಲ್ಲಿ ಪ್ರಕಟಿಸಿದರು. ಶರಣರ ವಚನಗಳಲ್ಲಿ ಮುಳುಗಿ, ಅನುಭವ ಮಂಟಪದ ಐತಿಹಾಸಿಕತೆಯನ್ನು ಕುರಿತು ಗ್ರಂಥವನ್ನೇ ಬರೆದರು. ಹೈದರಾಬಾದು ಸಂಸ್ಥಾನವು 1948ರಲ್ಲಿ ಭಾರತದೊಳಗೆ ಸೇರಿದ ಮರುವರುಷ, ಇದೇ ಕಲಬುರಗಿಯಲ್ಲಿ 32ನೆಯ ಕನ್ನಡ ಸಾಹಿತ್ಯ ಸಮ್ಮೇಳನವು ನೆರೆದಾಗ ಅಧ್ಯಕ್ಷಪೀಠದಲ್ಲಿ ಕುಳಿತವರು ಅವರೇ. ಇಷ್ಟೆಲ್ಲ ಸಂಗವನ್ನು ಮಾಡಿಯೂ ಅವರು ಕ್ರಿಸ್ತನ ಭಕ್ತರಾಗಿಯೇ ಉಳಿದರು.

ಸೋದರಿಯವರಿಗೆ ನಮ್ಮ ಸಲಹೆಯಿಷ್ಟು. ಕ್ರಿಸ್ತಜಯಂತಿಯ ರಜೆಗೆ ಆ ಲಿಂಗಾಯತ ಹುಡುಗನನ್ನು ಮನೆಗೆ ಊಟಕ್ಕೆ ಕರೆಯಿರಿ. ಅವನು ಮಾಂಸವನ್ನು ಉಣ್ಣದವನಾದರೆ ಅವನ ಮಟ್ಟಿಗೆ ಜೋಳದ ರೊಟ್ಟಿ, ಎಣ್ಣೆಗಾಯಿ ಸಾಕು. ಹಣದ ವ್ಯವಹಾರವು ಕೆಲವು ಕಾಲ ನಿಮ್ಮ ಕೈಯಲ್ಲಿಯೇ ಇರಲಿ. ಪಣದ ಗೆಳೆಯನೊಡನೆ ಮಗನು ಒಂಟಿಯಾಗಿ ತಿರುಗುವುದು ಬೇಡ. ಆದರೆ ಅವನನ್ನೂ ಒಂದು ದಿನ ಊಟಕ್ಕೆ ಕರೆಯಿರಿ. ಅವನ ತಾಯಿಯನ್ನೂ ಕರೆಯಿರಿ. ಆಕೆಗೆ ಈ ಸಂಗತಿಯು ಇನ್ನೂ ತಿಳಿದಿರಲಾರದು.