ರಕ್ತದ ಹನಿ ಹೇಳುವುದೆಲ್ಲ ರೋಗದ ಮಾತಲ್ಲ

ಒಂದು ಹನಿ ರಕ್ತ, ಅದರ ಮೇಲೆ ಲೇಸರ್ ಬೆಳಕು, ಕೆಲವೇ ನಿಮಿಷಗಳಲ್ಲಿ ಕ್ಯಾನ್ಸರ್ ಇದೆಯೋ ಇಲ್ಲವೋ ಎಂಬ ಉತ್ತರ. ಇಂಥ ಭರವಸೆ ಆಗಾಗ ಸುದ್ದಿಯಾಗುತ್ತದೆ. ಅದರ ಹಿಂದಿನ ವಿಜ್ಞಾನ ಗಟ್ಟಿಯಾದದ್ದೇ. ಹಾಗೆಂದು ಅರೆಬೆಂದ ಪರೀಕ್ಷೆಯನ್ನು ರೋಗಿಯ ಮುಂದಿಡಲಾಗದು.

ವಸ್ತುವಿನ ಮೇಲೆ ಬಿದ್ದ ಬೆಳಕಿನ ತೀರಾ ಸಣ್ಣ ಪಾಲು, ಸುಮಾರು ಒಂದು ಕೋಟಿ ಫೋಟಾನ್‌ಗಳಲ್ಲಿ ಒಂದರಷ್ಟು, ಬಣ್ಣ ಬದಲಿಸಿಕೊಂಡು ಚದುರುತ್ತದೆ. 1928ರಲ್ಲಿ ಕಲ್ಕತ್ತೆಯಲ್ಲಿ ಸಿ.ವಿ. ರಾಮನ್ ಮತ್ತು ಕೆ.ಎಸ್. ಕೃಷ್ಣನ್ ಕಂಡದ್ದು ಇದನ್ನೇ. ಈ ಬದಲಾವಣೆ ಅಣುವಿನ ಕಂಪನಕ್ಕೆ ತಕ್ಕಂತೆ ಇರುವುದರಿಂದ ಪ್ರತಿ ಅಣುವಿಗೂ ಅದರದೇ ಗುರುತು ಸಿಗುತ್ತದೆ. ಗುರುತು ಸ್ಪಷ್ಟ, ದನಿ ಮಾತ್ರ ಬಲು ಕ್ಷೀಣ. 1974ರಲ್ಲಿ ಇಂಗ್ಲೆಂಡಿನ ಸೌತಾಂಪ್ಟನ್‌ನಲ್ಲಿ ಮಾರ್ಟಿನ್ ಫ್ಲೀಶ್‌ಮನ್ ಮತ್ತು ಸಂಗಡಿಗರಿಗೆ ಒರಟಾಗಿಸಿದ ಬೆಳ್ಳಿಯ ಮೇಲೆ ಕೂತ ಪಿರಿಡಿನ್ ಅಣುಗಳಿಂದ ಪ್ರಬಲ ಸಂಕೇತ ಸಿಕ್ಕಿತು. ಇಂದು ಚಿನ್ನ, ಬೆಳ್ಳಿಯ ನ್ಯಾನೋಕಣಗಳು ಆ ಕ್ಷೀಣ ದನಿಯನ್ನು ಲಕ್ಷಾಂತರ ಪಟ್ಟು ಹಿಗ್ಗಿಸುತ್ತವೆ.

ತೊಡಕು ಶುರುವಾಗುವುದು ರಕ್ತದಲ್ಲಿ. ಸೀರಮ್‌ನಲ್ಲಿ ಸಾವಿರಾರು ಬಗೆಯ ಅಣುಗಳಿದ್ದರೂ ಬೆಳ್ಳಿಗೆ ಚೆನ್ನಾಗಿ ಅಂಟುವ ಕೆಲವೇ ಅಣುಗಳ ಸದ್ದು ಜೋರು. ಯೂರಿಕ್ ಆಮ್ಲ, ಹೈಪೊಕ್ಸಾಂಥಿನ್ ಅವುಗಳಲ್ಲಿ ಮುಖ್ಯವಾದವು. ತೆಗೆದ ರಕ್ತದಿಂದ ಕೆಂಪುಕಣಗಳನ್ನು ಬೇರ್ಪಡಿಸಲು ತಡಮಾಡಿದರೆ ಹೈಪೊಕ್ಸಾಂಥಿನ್ ಹೆಚ್ಚುತ್ತಾ ಹೋಗುತ್ತದೆ. ರೋಗಿಗಳ ಮಾದರಿಗಳು ಆಸ್ಪತ್ರೆಯ ಮೇಜಿನ ಮೇಲೆ ಎರಡು ಗಂಟೆ ಕೂತು, ಆರೋಗ್ಯವಂತರ ಮಾದರಿಗಳು ಕೂಡಲೇ ಯಂತ್ರ ಸೇರಿದವು ಎಂದುಕೊಳ್ಳಿ. ಕಂಪ್ಯೂಟರ್ ಎರಡು ಗುಂಪುಗಳನ್ನೂ ಸೊಗಸಾಗಿ ಬೇರ್ಪಡಿಸುತ್ತದೆ. ಆದರೆ ಅದು ಕಂಡುಹಿಡಿದದ್ದು ಕ್ಯಾನ್ಸರನ್ನಲ್ಲ, ಲ್ಯಾಬಿನ ವಿಳಂಬವನ್ನು.

ಅಂಥ ದೋಷವೇ ಇಲ್ಲವೆಂದುಕೊಂಡರೂ ಲೆಕ್ಕ ಬಿಡುವುದಿಲ್ಲ. ಸಾವಿರಕ್ಕೊಬ್ಬರಿಗೆ ಇರುವ ರೋಗವನ್ನು ಲಕ್ಷ ಜನರಲ್ಲಿ ಹುಡುಕುವಾಗ, ರೋಗಿಗಳಲ್ಲೂ ಆರೋಗ್ಯವಂತರಲ್ಲೂ ಪರೀಕ್ಷೆ ಶೇ 95ರಷ್ಟು ಸರಿಯಾಗಿದೆ ಎನ್ನೋಣ. ನೂರು ರೋಗಿಗಳಲ್ಲಿ 95 ಮಂದಿ ಸಿಗುತ್ತಾರೆ. ಜೊತೆಗೆ 4,995 ಆರೋಗ್ಯವಂತರಿಗೂ ರೋಗವಿದೆ ಎಂಬ ವರದಿ ಹೋಗುತ್ತದೆ. ಅಷ್ಟು ಮನೆಗಳ ನಿದ್ದೆ, ಸ್ಕ್ಯಾನು, ಬಯಾಪ್ಸಿ, ಸಾಲ ಇವಕ್ಕೆಲ್ಲ ಹೊಣೆ ಯಾರು?

ಹಾಗೆಂದು ಈ ದಾರಿಯನ್ನು ಕೈಬಿಡಬೇಕಿಲ್ಲ. ನಿರ್ದಿಷ್ಟ ಗುರಿ ಅಣುವನ್ನೇ ಹಿಡಿಯುವ ಪ್ರತಿಕಾಯಗಳನ್ನು ನ್ಯಾನೋಕಣಗಳಿಗೆ ಅಂಟಿಸುವ ವಿಧಾನದಲ್ಲಿ, ಯಂತ್ರ ನೋಡುತ್ತಿರುವುದು ಏನನ್ನು ಎಂಬುದಾದರೂ ಗೊತ್ತಿರುತ್ತದೆ. ಯಾವ ವಿಧಾನವಾದರೂ ಬೇಡಿಕೆ ಒಂದೇ: ಮಾದರಿ ಯಾರದೆಂದು ಪರೀಕ್ಷಿಸುವವರಿಗೆ ತಿಳಿದಿರಬಾರದು, ಹಲವು ಊರುಗಳ ಆಸ್ಪತ್ರೆಗಳಲ್ಲಿ ಒಂದೇ ಫಲಿತಾಂಶ ಬರಬೇಕು, ನ್ಯಾನೋಕಣಗಳ ಹೊಸ ಕಂತು ಬಂದಾಗಲೂ ಅದು ಬದಲಾಗಬಾರದು. ಅಲ್ಲಿಯವರೆಗೆ ರೋಗಿಯ ಕೈಯಿಂದ ಹಣ ಪಡೆದು ಇದನ್ನು ಮಾರುವುದು ತಪ್ಪು.

ರಾಮನ್ ಪರಿಣಾಮದ ಕಥೆಯಲ್ಲೇ ಇದಕ್ಕೊಂದು ಪಾಠವಿದೆ. 1923ರಲ್ಲಿ ರಾಮನ್ ಅವರ ಶಿಷ್ಯ ಕೆ.ಆರ್. ರಾಮನಾಥನ್‌ಗೆ ದ್ರವಗಳಲ್ಲಿ ಮಸುಕಾದ ಹೊಸ ಬೆಳಕು ಕಂಡಾಗ, ಅದು ಕಲ್ಮಶದ ಕೆಲಸವಿರಬಹುದೆಂಬ ಶಂಕೆ ಮೂಡಿತು. ದ್ರವವನ್ನು ಮತ್ತೆ ಮತ್ತೆ ಶುದ್ಧೀಕರಿಸಿದರೂ ಬೆಳಕು ಉಳಿಯಿತು. ಅದರ ನಿಜವಾದ ಅರ್ಥ ತಿಳಿಯಲು ಇನ್ನೂ ಐದು ವರ್ಷ ಹಿಡಿಯಿತು. ರಾಮನ್ ಹೆಸರು ಹೊತ್ತ ಪರೀಕ್ಷೆಗೆ ಅಷ್ಟೇ ತಾಳ್ಮೆಯಾದರೂ ಇರಲಿ.