ಕೌಟುಂಬಿಕ ದೌರ್ಜನ್ಯ, ಆಸ್ಪತ್ರೆ ಮತ್ತು ಕನ್ನಡ ಸಂಘಗಳು

ಸಂಘಗಳ ಸ್ಮರಣ ಸಂಚಿಕೆಗಳಲ್ಲಿ ಆರೋಗ್ಯದ ಪುಟಗಳು ಓದುಗರಿಗೆ ಹೊಸವಲ್ಲ. ಮಧುಮೇಹ, ರಕ್ತದೊತ್ತಡ, ಮಂಡಿನೋವು ಇವುಗಳಿಗೆ ಅಲ್ಲಿ ವರ್ಷವರ್ಷವೂ ಸ್ಥಾನ ದೊರೆಯುತ್ತದೆ. ಗಂಡನ ಪೆಟ್ಟಿನಿಂದ ಮುರಿದ ಮಣಿಕಟ್ಟಿಗೆ ಮಾತ್ರ ಎಡೆ ದೊರೆತುದು ವಿರಳ. ಮನೆಯ ಗುಟ್ಟು ಬೀದಿಗೆ ಬರಬಾರದೆಂಬ ಸಂಕೋಚ ಇದಕ್ಕೆ ಕಾರಣವಿರಬಹುದು. ಆದರೆ ಮಣಿಕಟ್ಟು ಮುರಿದ ಮೇಲೆ ಅದೂ ಆರೋಗ್ಯದ ವಿಷಯವೇ.

ಇದು ಅನ್ಯರ ಮನೆಯ ಕಥೆಯೆಂದು ಕನ್ನಡಿಗರು ಸಮಾಧಾನಪಡುವಂತಿಲ್ಲ. ದೇವನಾರದಲ್ಲಿರುವ ಅಂತರರಾಷ್ಟ್ರೀಯ ಜನಸಂಖ್ಯಾ ವಿಜ್ಞಾನ ಸಂಸ್ಥೆಯು 2019–21ರಲ್ಲಿ ನಡೆಸಿದ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ, 18ರಿಂದ 49 ವರ್ಷದೊಳಗಿನ ವಿವಾಹಿತ ಸ್ತ್ರೀಯರಲ್ಲಿ ಪತಿಯಿಂದ ಹಿಂಸೆಗೊಳಗಾದವರ ಪ್ರಮಾಣ ಇಡೀ ದೇಶದಲ್ಲಿ ಶೇಕಡಾ 29.3, ಮಹಾರಾಷ್ಟ್ರದಲ್ಲಿ 25.2, ಕರ್ನಾಟಕದಲ್ಲಿ 44.4. ಹಿಂದಿನ ಸಮೀಕ್ಷೆಯಲ್ಲಿ ಕರ್ನಾಟಕದ ಅಂಕಿ 20.6 ಆಗಿತ್ತು. ಹಿಂಸೆಯೇ ಇಮ್ಮಡಿಯಾಯಿತೋ, ಅಥವಾ ಮೊದಲು ಬಾಯಿ ಬಿಡದವರು ಈಗ ಬಿಟ್ಟರೋ, ಎರಡರಲ್ಲಿ ಯಾವುದಾದರೂ ತಲೆ ಎತ್ತಿ ಹೇಳಿಕೊಳ್ಳುವಂತಹ ಸಂಗತಿಯಲ್ಲ.

ಆ ಸಮೀಕ್ಷೆಯ ತಾಂತ್ರಿಕ ನೆರವಿಗೆ ಹಣ ಒದಗಿಸಿದುದು ಅಮೆರಿಕ ಸರಕಾರದ ಅಂತರರಾಷ್ಟ್ರೀಯ ಅಭಿವೃದ್ಧಿ ಸಂಸ್ಥೆ. 2025ರಲ್ಲಿ ಆ ಸಂಸ್ಥೆಯನ್ನೇ ಮುಚ್ಚಲಾಯಿತು. ಅದನ್ನು ನೆಚ್ಚಿಕೊಂಡು ಹಲವು ದೇಶಗಳಲ್ಲಿ ನಡೆಯುತ್ತಿದ್ದ ಸ್ತ್ರೀರಕ್ಷಣೆಯ ಕಾರ್ಯಗಳೂ ಪೆಟ್ಟು ತಿಂದವು. ಹೊರಗಿನಿಂದ ಬಂದ ಹಣವನ್ನು ಮೂಲ ಬಂಡವಾಳವೆಂದು ಬಗೆಯಬೇಕೇ ಹೊರತು ನಿತ್ಯದ ಖರ್ಚನ್ನು ಅದರಿಂದಲೇ ತೂಗಿಸಹೊರಟರೆ ಒಂದಲ್ಲ ಒಂದು ವರ್ಷ ಜಮಾಖರ್ಚು ಸರಿಹೊಂದದು. ಮುಂಬಯಿಯ ಒಂದು ಕಾರ್ಯವಂತೂ ಈ ಅಪಾಯದಿಂದ ಪಾರಾಗಿದೆ.

2000ರಲ್ಲಿ ಬಾಂದ್ರಾದ ಕೆ. ಬಿ. ಭಾಭಾ ಆಸ್ಪತ್ರೆಯಲ್ಲಿ ಮಹಾನಗರಪಾಲಿಕೆಯೂ ‘ಸೆಹತ್’ ಎಂಬ ಸಂಶೋಧನ ಸಂಸ್ಥೆಯೂ ಕೂಡಿ ‘ದಿಲಾಸಾ’ ಕೇಂದ್ರವನ್ನು ತೆರೆದವು. ದಿಲಾಸಾ ಎಂದರೆ ಸಾಂತ್ವನ. ಪೊಲೀಸು ಠಾಣೆಯ ಮೆಟ್ಟಿಲು ಹತ್ತಲು ಅಂಜುವ ಹೆಂಗಸು ಕೂಡ ಕೇಸ್ ಪೇಪರ್ ಹಿಡಿದು ಆಸ್ಪತ್ರೆಯ ಸಾಲಿನಲ್ಲಿ ನಿಲ್ಲಬಲ್ಲಳು. ಯಾರೂ ಏಕೆಂದು ಕೇಳರು. ಈ ಸರಳ ಸತ್ಯವೇ ಆ ಯೋಜನೆಯ ತಳಹದಿ. ಬಚ್ಚಲಲ್ಲಿ ಜಾರಿ ಬಿದ್ದೆನೆನ್ನುವವಳನ್ನೂ ವಿಷ ಕುಡಿದು ವಾರ್ಡಿಗೆ ಸೇರಿದವಳನ್ನೂ ಏಕಾಂತದಲ್ಲಿ ಮಾತನಾಡಿಸುವ ತರಬೇತಿ ವೈದ್ಯರಿಗೂ ದಾದಿಯರಿಗೂ ದೊರೆಯಿತು. ಗಾಯದ ವಿವರ ಕಾಗದದಲ್ಲಿ ದಾಖಲಾದರೆ ಮುಂದೆ ನ್ಯಾಯಾಲಯದಲ್ಲಿ ಸಾಕ್ಷ್ಯವಾಗುತ್ತದೆ. ಅಂದಿನ ರಾತ್ರಿ ಮನೆಗೆ ಹಿಂದಿರುಗುವುದು ಅಪಾಯವೆನಿಸಿದರೆ ಒಂದೆರಡು ದಿನ ವಾರ್ಡಿನಲ್ಲಿಯೇ ಇರಿಸಿಕೊಳ್ಳುವ ಏರ್ಪಾಡೂ ಉಂಟು. ಕ್ರಮೇಣ ಪಾಲಿಕೆಯು ಈ ಕೆಲಸವನ್ನು ತನ್ನದಾಗಿಸಿಕೊಂಡಿತು. ರಾಷ್ಟ್ರೀಯ ನಗರ ಆರೋಗ್ಯ ಅಭಿಯಾನದ ಮೂಲಕ ನಗರದ ಇತರ ಆಸ್ಪತ್ರೆಗಳಿಗೂ ಅದು ಹಬ್ಬಿತು. ಕೌಟುಂಬಿಕ ದೌರ್ಜನ್ಯ ತಡೆಯುವ 2005ರ ಕಾಯಿದೆಯಂತೆ, ನೊಂದವಳು ಕೇಳಿದಾಗ ಚಿಕಿತ್ಸೆ ನೀಡುವುದು ವೈದ್ಯಾಲಯದ ಕರ್ತವ್ಯವೂ ಆಗಿದೆ.

ಇಷ್ಟೆಲ್ಲ ಇದ್ದರೂ, ಯಾದಗಿರಿಯಿಂದಲೋ ಕಲಬುರ್ಗಿಯಿಂದಲೋ ಕಟ್ಟಡದ ಕೆಲಸಕ್ಕೆ ಬಂದ ಹೆಂಗಸಿಗೆ, ಅಥವಾ ಮದುವೆಯಾಗಿ ಊರಿನಿಂದ ನೇರವಾಗಿ ನಾಲಾಸೋಪಾರಾದ ಒಂದು ಕೋಣೆಯ ಮನೆಗೆ ಬಂದಿಳಿದ ಹುಡುಗಿಗೆ, ಮರಾಠಿಯೂ ಹಿಂದಿಯೂ ಬಾರದು. ಆಸ್ಪತ್ರೆಯಲ್ಲಿ ಅವಳ ಪರವಾಗಿ ಮಾತನಾಡುವವರು ಯಾರು? ಜೊತೆಗೆ ಬಂದ ಗಂಡ, ಇಲ್ಲವೇ ಅತ್ತೆ. ಹೊಡೆದ ಕೈಯೇ ದುಭಾಷಿಯಾದರೆ ವೈದ್ಯರ ಕಿವಿಗೆ ಬೀಳುವುದು ಬಚ್ಚಲಿನ ಕಥೆ ಮಾತ್ರ. ಮನೆಯವರನ್ನು ದೂರವಿರಿಸಿ ಏಕಾಂತದಲ್ಲಿ ಕೇಳಬೇಕೆಂಬ ವಿಶ್ವ ಆರೋಗ್ಯ ಸಂಸ್ಥೆಯ ಸೂಚನೆಯನ್ನು ಎಷ್ಟೇ ಶ್ರದ್ಧೆಯ ವೈದ್ಯರಾದರೂ ಭಾಷೆ ತಿಳಿಯದೆ ಪಾಲಿಸುವುದೆಂತು? ಈ ಕೊರತೆಯನ್ನು ದೂರದ ದತ್ತಿನಿಧಿ ನೀಗಿಸಲಾರದು. ಪಾಲಿಕೆಯಿಂದಲೂ ಅದನ್ನು ನಿರೀಕ್ಷಿಸುವುದು ಕಷ್ಟ. ಕನ್ನಡ ಸಂಘಗಳು ನೀಗಿಸಬಲ್ಲವು.

ದಾದರದಿಂದ ಡೊಂಬಿವಲಿಯವರೆಗೆ, ಅಂಧೇರಿಯಿಂದ ವಿರಾರಿನವರೆಗೆ ಕನ್ನಡಿಗರ ಸಂಘಗಳಿಗೆ ಬರವಿಲ್ಲ. ಕನ್ನಡ, ತುಳು, ಮರಾಠಿ, ಹಿಂದಿ ನಾಲ್ಕನ್ನೂ ಬಲ್ಲ ನಿವೃತ್ತ ಶಿಕ್ಷಕಿಯರು, ದಾದಿಯರು, ಕಚೇರಿಯ ಉದ್ಯೋಗದಿಂದ ಬಿಡುವು ಪಡೆದ ಮಹಿಳೆಯರು ಅವುಗಳಲ್ಲಿದ್ದಾರೆ. ಪ್ರತಿ ಸಂಘವೂ ಅಂತಹ ಇಬ್ಬರನ್ನು ಗುರುತಿಸಿ, ಹತ್ತಿರದ ಆಸ್ಪತ್ರೆಯ ಕೇಂದ್ರದವರಿಂದಲೇ ತರಬೇತಿ ಕೊಡಿಸಿ, ಕರೆ ಬಂದಾಗ ಹೋಗಿ ದುಭಾಷಿಯಾಗುವಂತೆ ಏರ್ಪಾಡು ಮಾಡಬಹುದು. ತಗಲುವ ವೆಚ್ಚ ರೈಲಿನ ಪಾಸು ಮತ್ತು ರಿಕ್ಷಾ ಬಾಡಿಗೆ. ವಾರ್ಷಿಕೋತ್ಸವದ ಶಾಲು, ಹಾರ, ಫಲತಾಂಬೂಲಗಳಲ್ಲಿ ನಾಲ್ಕು ಸನ್ಮಾನ ಕಡಿಮೆಯಾದರೆ ಸಾಕು.

ಇದು ಸಂಸಾರ ಒಡೆಯುವ ಕೆಲಸವೆಂದು ಕಾರ್ಯಕಾರಿ ಸಮಿತಿಯಲ್ಲಿ ಆಕ್ಷೇಪಿಸುವವರು ಇದ್ದೇ ಇರುತ್ತಾರೆ. ದುಭಾಷಿಯ ಕೆಲಸ ಅದಲ್ಲ. ಹೆಂಗಸು ಆಡಿದುದನ್ನು ಆಡಿದಂತೆಯೇ ತಲುಪಿಸುವುದಷ್ಟೇ ಅವಳ ಹೊಣೆ. ಗಂಡನನ್ನು ಬಿಡೆಂದಾಗಲಿ, ಅನುಸರಿಸಿಕೊಂಡು ಹೋಗೆಂದಾಗಲಿ ಹೇಳುವ ಅಧಿಕಾರ ಅವಳಿಗಿಲ್ಲ. ಕೇಳಿದ ಮಾತು ಸಂಘದ ಕಚೇರಿಯನ್ನೂ ಜಾತಿಬಾಂಧವರ ಮನೆಯನ್ನೂ ಮುಟ್ಟಕೂಡದು. ಈ ಒಂದು ನಿಯಮವನ್ನು ಪಾಲಿಸಲಾಗದ ಸಂಘವು ಈ ಕೆಲಸಕ್ಕೆ ಕೈಹಾಕದಿರುವುದೇ ಲೇಸು. ಅಂತಹ ಸಂಘವೂ ಮಹಿಳಾ ಸಹಾಯವಾಣಿಯ 181 ಎಂಬ ಸಂಖ್ಯೆಯನ್ನೂ, ಸಮೀಪದ ದಿಲಾಸಾ ಕೇಂದ್ರದ ವಿಳಾಸವನ್ನೂ ದೊಡ್ಡ ಕನ್ನಡ ಅಕ್ಷರಗಳಲ್ಲಿ ಬರೆಸಿ, ಮಹಿಳೆಯರ ಶೌಚಾಲಯದ ಬಾಗಿಲ ಒಳಬದಿಗೆ ಅಂಟಿಸಬಹುದು. ಅಲ್ಲಿಗೆ ಗಂಡ ಜೊತೆಯಲ್ಲಿ ಬರುವುದಿಲ್ಲ.